ಕಿಶ್‌ಗೆ ಹೋಗಿ ಬಂದ ಹಾಗಲ್ಲ: ಥಾಯ್ಲೆಂಡಿನ ಗಡಿ ವ್ಯಾನ್ ಸೇವೆ

ಕಾಸರಗೋಡು, ಕುಂಬಳೆ, ಉಪ್ಪಳ ಕಡೆಯ ಮನೆಗಳಲ್ಲಿ ‘ಎಕ್ಸಿಟ್ ಆಗಿ ಬರುವುದು’ ಅಂದರೆ ಏನೆಂದು ಬಿಡಿಸಿ ಹೇಳಬೇಕಾಗಿಲ್ಲ. ದುಬೈಯಲ್ಲಿದ್ದವರು ವೀಸಾ ಬದಲಿಸಲು ಇರಾನಿನ ಕಿಶ್ ದ್ವೀಪಕ್ಕೆ ಹೋಗಿ ಕೂತು, ಹೊಸ ವೀಸಾ ಬಂದ ಮೇಲೆ ಮರಳುತ್ತಿದ್ದ ಕಾಲ ಹಳಬರಿಗೆಲ್ಲ ನೆನಪಿದೆ. ಥಾಯ್ಲೆಂಡಿನಲ್ಲಿ ಉಳಿಯುವ ದಿನ ಮುಗಿಯುತ್ತ ಬಂದಾಗ ಪಕ್ಕದ ದೇಶಕ್ಕೆ ದಾಟಿ, ಹೊಸ ಪ್ರವೇಶದ ಸೀಲು ಹಾಕಿಸಿಕೊಂಡು ಮರಳುವ ಗಡಿ ಟ್ರಿಪ್ಪನ್ನೂ ಅದೇ ಲೆಕ್ಕದಲ್ಲಿ ನೋಡುವವರಿದ್ದಾರೆ. ತಪ್ಪು ಶುರುವಾಗುವುದೇ ಅಲ್ಲಿ. ಕಿಶ್‌ನಲ್ಲಿ ಕಾದವನು ಹೊಸ ವೀಸಾ ಕೈಗೆ ಬಂದ ಮೇಲಷ್ಟೇ ವಿಮಾನ ಹತ್ತುತ್ತಿದ್ದ. ಥಾಯ್ ಗಡಿಯಲ್ಲಿ ಅಂಥ ಕಾಗದವೇ ಇಲ್ಲ. ಕೌಂಟರಿನಲ್ಲಿ ಕೂತ ಅಧಿಕಾರಿ ಪಾಸ್‌ಪೋರ್ಟಿನ ಹಾಳೆ ತಿರುವಿ ಆ ಹೊತ್ತಿನಲ್ಲೇ ತೀರ್ಮಾನಿಸುತ್ತಾರೆ. ವ್ಯಾನಿಗೆ ಕೊಟ್ಟ ದುಡ್ಡಿನಲ್ಲಿ ಸೀಲಿನ ಖಾತ್ರಿ ಸೇರಿಲ್ಲ. ಈ ಒಂದು ಕಾರಣಕ್ಕೆ ಬ್ಯಾಂಕಾಕಿನಿಂದ ಹೊರಡುವ ಗಡಿ ವ್ಯಾನ್ ಸೇವೆಗೆ ಐದರಲ್ಲಿ ಎರಡೂವರೆ ಅಂಕ.

ವ್ಯಾನಿಗಿಂತ ಮೊದಲು ಮಾಡಬೇಕಾದ ಕೆಲಸವೊಂದಿದೆ, ವ್ಯಾನಿನವರು ಅದನ್ನು ಹೇಳುವುದಿಲ್ಲ. ಭಾರತದ ಪಾಸ್‌ಪೋರ್ಟಿಗೆ ವೀಸಾ ಇಲ್ಲದೆ 60 ದಿನ ಎಂಬ ಸೌಲಭ್ಯ ಬಂದದ್ದು 2024ರ ಜುಲೈ 15ರಿಂದ. ಈ ನಿಯಮಗಳು ಬದಲಾಗುತ್ತಲೇ ಇರುತ್ತವೆ, ಹಾಗಾಗಿ ಯಾರ ಬಾಯಿಮಾತನ್ನೂ ನಂಬದೆ ಸೀಲಿನಲ್ಲಿ ಬರೆದ ದಿನಾಂಕವನ್ನೇ ಹಿಡಿಯಿರಿ. ಬಂದಿಳಿದ ದಿನವೂ ಲೆಕ್ಕಕ್ಕೆ ಸೇರುತ್ತದೆ: ಮಾರ್ಚ್ 1ಕ್ಕೆ ಬಂದವರ 60 ದಿನ ಮುಗಿಯುವುದು ಏಪ್ರಿಲ್ 29ಕ್ಕೆ. 30ಕ್ಕೆ ಎಂದುಕೊಂಡು ಒಂದು ದಿನ ದಾಟಿಸಿಕೊಳ್ಳುವವರು ಇಂಥಲ್ಲೇ ಸಿಕ್ಕಿಬೀಳುವುದು. ಆ ದಿನಾಂಕ ಹತ್ತಿರವಾದಾಗ ಗಡಿಗೆ ಓಡುವ ಮೊದಲು ಸ್ಥಳೀಯ ಇಮಿಗ್ರೇಶನ್ ಕಚೇರಿಯಲ್ಲಿ 30 ದಿನ ಮುಂದುವರಿಸಲು ಅರ್ಜಿ ಹಾಕಬಹುದು. ಟಿಎಂ 7 ಫಾರ್ಮು, 4×6 ಸೆಂಟಿಮೀಟರಿನ ಒಂದು ಫೋಟೊ, ಪಾಸ್‌ಪೋರ್ಟಿನ ಮೊದಲ ಪುಟ ಮತ್ತು ಸೀಲಿರುವ ಪುಟದ ಸಹಿ ಹಾಕಿದ ಜೆರಾಕ್ಸ್, 1,900 ಬಾತ್. ಅರ್ಜಿ ವಾಪಸಾಗುವುದು ಹೆಚ್ಚಾಗಿ ಟಿಎಂ 30 ಇಲ್ಲದೆ: ವಿದೇಶಿಯೊಬ್ಬರು ತಂಗಿದ್ದಾರೆಂದು ಮನೆಯ ಮಾಲೀಕ ಅಥವಾ ಹೋಟೆಲಿನವರು 24 ಗಂಟೆಯೊಳಗೆ ಕೊಡಬೇಕಾದ ವರದಿ ಅದು. ಬಾಡಿಗೆ ಕೋಣೆ ಹಿಡಿಯುವ ದಿನವೇ ಮಾಲೀಕರಿಂದ ಅದರ ರಸೀದಿ ಕೇಳಿ ಇಟ್ಟುಕೊಳ್ಳಿ. ಬ್ಯಾಂಕಾಕಿನವರಿಗೆ ಕಚೇರಿ ಚೇಂಗ್ ವಟ್ಟನದ ಸರಕಾರಿ ಸಂಕೀರ್ಣದಲ್ಲಿದೆ. ಶನಿವಾರ, ಭಾನುವಾರ ಮತ್ತು ಥಾಯ್ ರಜೆಗಳಲ್ಲಿ ಮುಚ್ಚಿರುತ್ತದೆ. ಏಪ್ರಿಲಿನ ಸೋಂಕ್ರಾನ್ ಹಬ್ಬದ ವಾರಕ್ಕೆ ಕೊನೆಯ ದಿನ ಬಂದರೆ ಮುಂಚೆಯೇ ಹೋಗಿ ಮುಗಿಸಿ.

ಇನ್ನು ವ್ಯಾನು. ಹಿಂದೆ ಇದರ ದೊಡ್ಡ ಆಕರ್ಷಣೆ ಕಾಂಬೋಡಿಯಾ ಗಡಿ, ಬೆಳಿಗ್ಗೆ ಹೊರಟು ಸಂಜೆಗೆ ವಾಪಸ್. 2025ರ ಜೂನಿನಲ್ಲಿ ಥಾಯ್ ಸೇನೆ ಆ ದ್ವಾರಗಳನ್ನು ಮುಚ್ಚಿತು, ಜುಲೈಯಲ್ಲಿ ಎರಡೂ ಕಡೆಯ ಸೇನೆಗಳು ಕಾದಾಡಿದವು. 2020ರ ಮಾರ್ಚಿನಲ್ಲಿ ನಮ್ಮ ಗಡಿ ರಸ್ತೆಗಳಿಗೆ ಮಣ್ಣು ಸುರಿದು, ತಲಪಾಡಿಯಲ್ಲಿ ತಡೆ ಹಾಕಿ, ಮಂಗಳೂರಿನ ಆಸ್ಪತ್ರೆಗೆ ಹೊರಟ ರೋಗಿಗಳನ್ನು ಹಿಂದೆ ಕಳಿಸಿದ್ದನ್ನು ಕಂಡ ನಮಗೆ, ನಿನ್ನೆ ತೆರೆದಿದ್ದ ಗಡಿ ಇವತ್ತು ಮುಚ್ಚಿರಬಹುದು ಎಂಬುದನ್ನು ಯಾರೂ ಕಲಿಸಬೇಕಾಗಿಲ್ಲ. ಅರಣ್ಯಪ್ರಥೆಟ್, ಬಾನ್ ಲೇಮ್ ಎಂಬ ಕಾಂಬೋಡಿಯಾ ದ್ವಾರಗಳ ಹೆಸರಿರುವ ಹಳೆಯ ದರಪಟ್ಟಿ ಯಾರಾದರೂ ತೋರಿಸಿದರೆ, ಗಡಿ ತೆರೆದಿದೆಯೇ ಎಂದು ನೀವೇ ಖಚಿತ ಮಾಡಿಕೊಳ್ಳದೆ ಮುಂಗಡ ಕೊಡಬೇಡಿ.

ಉಳಿದ ದೊಡ್ಡ ದಾರಿ ಲಾವೋಸ್. ಬ್ಯಾಂಕಾಕಿನಿಂದ ನೋಂಗ್ ಖಾಯ್‌ಗೆ ಆರುನೂರು ಕಿಲೋಮೀಟರಿಗೂ ಹೆಚ್ಚು, ಅಂದರೆ ರಾತ್ರಿಯಿಡೀ ಕೂತೇ ಪ್ರಯಾಣ. ಮೆಕಾಂಗ್ ನದಿಯ ಸ್ನೇಹ ಸೇತುವೆಯ ದ್ವಾರ ಬೆಳಿಗ್ಗೆ 6ಕ್ಕೆ ತೆರೆಯುತ್ತದೆ. ಅಷ್ಟು ಹೊತ್ತಿಗೆ ಅಲ್ಲಿರುವಂತೆ ವ್ಯಾನ್ ಹೊರಡಿಸುತ್ತಾರೆ. ಜೊತೆಗಿರುವ ಸಹಾಯಕ ಫಾರ್ಮು ತುಂಬಿಸುತ್ತಾನೆ, ಸಾಲು ತೋರಿಸುತ್ತಾನೆ, ಸೇತುವೆ ದಾಟುವ ಬಸ್ಸಿಗೆ ಹತ್ತಿಸುತ್ತಾನೆ. ಥಾಯ್ ಓದಲು ಬಾರದ, ಮೊದಲ ಸಲ ಹೋಗುವವರಿಗೆ ಇದು ನಿಜವಾದ ಉಪಕಾರ, ಎರಡೂವರೆ ಅಂಕ ಬಂದದ್ದೂ ಇದಕ್ಕೇ. ಆದರೆ ನಮ್ಮ ಪಾಸ್‌ಪೋರ್ಟಿಗೆ ಲಾವೋಸ್ ವೀಸಾ ಬೇಕು, ಸೇತುವೆಯ ಆಚೆ ದುಡ್ಡು ಕಟ್ಟಿ ಪಡೆಯಬೇಕು. ದರ ಕೇಳುವಾಗ ಅದು ಸೇರಿದೆಯೇ ಎಂದು ಬರವಣಿಗೆಯಲ್ಲಿ ಕೇಳಿ. ಡಾಲರ್ ಕೊಡಿ, ನೋಟು ಹರಿದಿರಬಾರದು, ಗೀಚಿರಬಾರದು. ಬಾತ್‌ನಲ್ಲಿ ಕೊಟ್ಟರೆ ಹೆಚ್ಚು ತೆರಬೇಕು. ಆ ವೀಸಾದ ಚೀಟಿ ಇಡೀ ಒಂದು ಪುಟ ತಿನ್ನುತ್ತದೆ. 36 ಪುಟದ ಪಾಸ್‌ಪೋರ್ಟ್ ಬೇಗ ತುಂಬುತ್ತದೆ; ಮತ್ತೆ ಮಾಡಿಸುವಾಗ 1,500 ರೂಪಾಯಿಯ ಬದಲು 2,000 ಕಟ್ಟಿ 60 ಪುಟದ್ದನ್ನೇ ತೆಗೆದುಕೊಳ್ಳುವುದು ಮೇಲು.

ವ್ಯಾನ್ ಸೇವೆಯ ದೊಡ್ಡ ದೋಷ ಸೀಲು ಸಿಗದಾಗ ಗೊತ್ತಾಗುತ್ತದೆ. ಲಾವೋಸಿನಿಂದ ಹೊರಬಿದ್ದ ಸೀಲು ಬಿದ್ದಾಗಿದೆ, ಥಾಯ್ ಕೌಂಟರಿನಲ್ಲಿ ಬೇಡ ಅಂದರು ಅಂದುಕೊಳ್ಳಿ. ಒಂದೇ ಪ್ರವೇಶದ ಲಾವೋಸ್ ವೀಸಾ ಮುಗಿದಿದೆ, ಮತ್ತೆ ದುಡ್ಡು ಕಟ್ಟಿ ಹೊಸದು ಪಡೆಯಬೇಕು. ಉಳಿದವರನ್ನು ಹತ್ತಿಸಿಕೊಂಡು ವ್ಯಾನು ಹೊರಟುಹೋಗುತ್ತದೆ. ಸಾಮಾನು ಬ್ಯಾಂಕಾಕಿನ ಕೋಣೆಯಲ್ಲಿ. ಹೀಗಾದರೆ ಹಣ ವಾಪಸ್ ಕೊಡುತ್ತೀರಾ ಎಂಬ ಪ್ರಶ್ನೆಗೆ ನೇರ ಉತ್ತರ ಕೊಡದ ಸೇವೆಯನ್ನು ಬಿಟ್ಟುಬಿಡಿ.

ಇದಕ್ಕಿಂತ ಎಷ್ಟೋ ಒಳ್ಳೆಯದು ನೀವಾಗಿ ಹೋಗುವ, ಮಲೇಶ್ಯಾ ಗಡಿಯ ಪಡಾಂಗ್ ಬೆಸಾರ್ ದಾರಿ. ಇದಕ್ಕೆ ನಾಲ್ಕು ಅಂಕ. 2023ರ ಡಿಸೆಂಬರ್ 1ರಿಂದ ಭಾರತೀಯರಿಗೆ ಮಲೇಶ್ಯಾದಲ್ಲಿ 30 ದಿನ ವೀಸಾ ಬೇಡ, ಇದನ್ನು 2026ರ ಡಿಸೆಂಬರ್ 31ರ ತನಕ ವಿಸ್ತರಿಸಿದ್ದಾರೆ. ಬ್ಯಾಂಕಾಕಿನಿಂದ ಮಧ್ಯಾಹ್ನದ ಮೇಲೆ ಹೊರಡುವ 45ನೇ ನಂಬರಿನ ರಾತ್ರಿ ರೈಲಿನಲ್ಲಿ ಮಲಗಿ ಹೋದರೆ ಬೆಳಿಗ್ಗೆ ಗಡಿ. ಹಾಟ್ ಯಾಯ್ ಆದ ಮೇಲೆ ಪಡಾಂಗ್ ಬೆಸಾರ್ ಎಂಬ ಒಂದೇ ಹೆಸರಿನ ಎರಡು ನಿಲ್ದಾಣಗಳಿವೆ. ಮೊದಲು ಸಿಗುವ ಥಾಯ್ ಕಡೆಯ ಸಣ್ಣದರಲ್ಲಿ ಇಳಿಯಬೇಡಿ, ಮಲೇಶ್ಯಾ ಕಡೆಯ ದೊಡ್ಡದರಲ್ಲಿ ಇಳಿಯಿರಿ. ಎರಡೂ ದೇಶದ ಕೌಂಟರುಗಳು ಆ ಒಂದೇ ಕಟ್ಟಡದಲ್ಲಿವೆ: ಮೊದಲು ಥಾಯ್ ಹೊರಹೋಗುವ ಸೀಲು, ನಾಲ್ಕು ಹೆಜ್ಜೆ ಆಚೆ ಮಲೇಶ್ಯಾದ ಪ್ರವೇಶ. ಅಲ್ಲಿಂದಲೇ ತಿರುಗಿ ಬರಬೇಡಿ, ಅಧಿಕಾರಿಗಳ ಅನುಮಾನ ಮೊದಲು ಬೀಳುವುದು ಅಂಥ ಸೀಲುಗಳ ಮೇಲೆ. ಬಟ್ಟರ್‌ವರ್ತ್‌ಗೆ ಎರಡು ಗಂಟೆಯೊಳಗಿನ ಲೋಕಲ್ ರೈಲಿದೆ, ಅಲ್ಲಿಂದ ದೋಣಿಯಲ್ಲಿ ಪೆನಾಂಗ್. ಒಂದೆರಡು ರಾತ್ರಿ ಉಳಿದು, ಹೋಟೆಲಿನ ಬಿಲ್ಲು ಜೋಪಾನವಾಗಿಟ್ಟು ಮರಳಿ. ಗಡಿಯಾರ ಮಾತ್ರ ನೆನಪಿರಲಿ, ಮಲೇಶ್ಯಾ ಒಂದು ಗಂಟೆ ಮುಂದಿದೆ. ಹಾಟ್ ಯಾಯ್ ಕಡೆಗಿನ ರೈಲು ಥಾಯ್ ಸಮಯಕ್ಕೆ ಹೊರಡುತ್ತದೆ. ಅಲ್ಲಿನ ದೊಡ್ಡ ಮಳೆಗಾಲ ನಮ್ಮ ಆಟಿ ತಿಂಗಳಲ್ಲಲ್ಲ, ನವೆಂಬರ್–ಡಿಸೆಂಬರಿನಲ್ಲಿ. 2025ರ ನವೆಂಬರಿನಲ್ಲಿ ಹಾಟ್ ಯಾಯ್ ಪೇಟೆಯೇ ನೀರಲ್ಲಿ ಮುಳುಗಿತ್ತು. ಆ ಎರಡು ತಿಂಗಳಲ್ಲಿ ಕೊನೆಯ ದಿನಾಂಕಕ್ಕೆ ನಾಲ್ಕೈದು ದಿನ ಬಿಟ್ಟೇ ಹೊರಡಿ.

ಈ ದಾರಿಗೆ ಅಂಕ ಹೆಚ್ಚು ಕೊಟ್ಟದ್ದು ರೈಲಿನ ಸುಖಕ್ಕಲ್ಲ. ಥಾಯ್ ಕಡೆ ಬೇಡ ಅಂದರೂ ಮಲೇಶ್ಯಾಕ್ಕೆ ಮರಳಲು ವೀಸಾ ಶುಲ್ಕ ಕಟ್ಟಬೇಕಾಗಿಲ್ಲ, ಕೌಲಾಲಂಪುರದಿಂದ ಕೋಯಿಕ್ಕೋಡಿಗೋ ಕೊಚ್ಚಿಗೋ ವಿಮಾನ ಹಿಡಿದು ಊರಿಗೆ ಬರಬಹುದು.

ಥಾಯ್ಲೆಂಡ್, ಮಲೇಶ್ಯಾ ಎರಡಕ್ಕೂ ಮುಂಗಡ ಡಿಜಿಟಲ್ ಕಾರ್ಡ್ ತುಂಬಬೇಕು, ಪ್ರತಿ ಪ್ರವೇಶಕ್ಕೂ ಹೊಸದು, ಬರುವ ಹಿಂದಿನ ಮೂರು ದಿನಗಳೊಳಗೆ. ಥಾಯ್ಲೆಂಡಿನ ಕಾರ್ಡ್, ಅಂದರೆ ಟಿಡಿಎಸಿ, 2025ರ ಮೇ 1ರಿಂದ ಕಡ್ಡಾಯ. ಎರಡೂ ಉಚಿತ, ಹಣ ಕೇಳುವ ಜಾಲತಾಣ ಸರಕಾರದ್ದಲ್ಲ. ನಮ್ಮ ಕಡೆಯ ಎಷ್ಟೋ ಪಾಸ್‌ಪೋರ್ಟುಗಳಲ್ಲಿ ಮನೆಹೆಸರಿನ ಜಾಗ ಖಾಲಿ ಇರುತ್ತದೆ. ಟಿಡಿಎಸಿಯಲ್ಲಿ ಆ ಜಾಗಕ್ಕೆ ಒಂದು ಅಡ್ಡಗೆರೆ ಹಾಕಿದರೆ ಸಾಕು, ಅಪ್ಪನ ಹೆಸರನ್ನೋ ತರವಾಡಿನ ಹೆಸರನ್ನೋ ತುಂಬಬೇಡಿ.

ಮರಳುವಾಗ ಕೌಂಟರಿನಲ್ಲಿ ನೋಡುವುದು ಹಳೆಯ ಸೀಲುಗಳ ಸಾಲು. ವೀಸಾ ಇಲ್ಲದೆ ನೆಲದ ಗಡಿಯಿಂದ ಒಳಬರಲು ಜನವರಿಯಿಂದ ಡಿಸೆಂಬರಿನವರೆಗೆ ಎರಡೇ ಸಲ ಅವಕಾಶ. ವಿಮಾನಕ್ಕೆ ಈ ಲೆಕ್ಕವಿಲ್ಲ ಎಂದು ನಂಬಿ ಹಾರುತ್ತಲೇ ಇದ್ದವರಿಗೂ 2025ರ ನವೆಂಬರಿನಿಂದ ಬಿಗಿಯಾಗಿದೆ: ಸರಿಯಾದ ಕಾರಣವಿಲ್ಲದೆ ಎರಡಕ್ಕಿಂತ ಹೆಚ್ಚು ಸಲ ಹೀಗೆ ಹೋಗಿ ಬಂದವರನ್ನು ತಡೆಯುವುದಾಗಿ ಇಮಿಗ್ರೇಶನ್ ಇಲಾಖೆ ಪ್ರಕಟಿಸಿತು. ಮರುಪ್ರಯಾಣದ ಟಿಕೆಟು, ವಾಸದ ವಿಳಾಸ, ಇರುವಷ್ಟು ದಿನದ ಖರ್ಚಿಗೆ ಸಾಕಾಗುವ ನಗದು ಕೈಯಲ್ಲಿರಲಿ. ಫೋನಿನಲ್ಲಿ ಬ್ಯಾಂಕಿನ ಮೊತ್ತ ತೋರಿಸಿದರೆ ಆಗುತ್ತದೆ ಎಂದು ನೆಚ್ಚಬೇಡಿ. ವರ್ಷದ ವೀಸಾ ವಿಸ್ತರಣೆ ಇರುವವರು ಹೊರಡುವ ಮುನ್ನ 1,000 ಬಾತ್ ಕಟ್ಟಿ ಮರುಪ್ರವೇಶದ ಪರವಾನಗಿ ತೆಗೆದುಕೊಳ್ಳದಿದ್ದರೆ ಇದ್ದ ವಿಸ್ತರಣೆಯೂ ರದ್ದಾಗುತ್ತದೆ.

ಅವಧಿ ಮೀರಿದರೆ ದಿನಕ್ಕೆ 500 ಬಾತ್ ದಂಡ, ಗರಿಷ್ಠ 20,000. ತಾವಾಗಿ ಹೋದರೂ 90 ದಿನ ಮೀರಿದ್ದರೆ ಒಂದು ವರ್ಷ ದೇಶದೊಳಗೆ ಬಿಡುವುದಿಲ್ಲ. ತಪಾಸಣೆಯಲ್ಲಿ ಸಿಕ್ಕಿಬಿದ್ದರೆ ಒಂದೇ ದಿನ ಮೀರಿದ್ದರೂ ಐದು ವರ್ಷ. ನೀವು ಬರಬೇಕಾಗಿಲ್ಲ, ಪಾಸ್‌ಪೋರ್ಟ್ ಕೊಟ್ಟರೆ ಸೀಲು ಹಾಕಿಸಿ ತರುತ್ತೇವೆ ಎಂಬ ಮಾತಿಗೆ ಯಾವ ಕಾರಣಕ್ಕೂ ಒಪ್ಪಬೇಡಿ. ಅಂಥ ಸೀಲು ಕಂಪ್ಯೂಟರಿನ ದಾಖಲೆಗೆ ಹೊಂದುವುದಿಲ್ಲ, ಜೈಲಿಗೆ ಹೋಗುವುದು ಪಾಸ್‌ಪೋರ್ಟಿನಲ್ಲಿ ಹೆಸರಿರುವವರು.

ವಿದೇಶಿ ಕಂಪೆನಿಗೆ ಲ್ಯಾಪ್‌ಟಾಪಿನಲ್ಲಿ ದುಡಿಯುವವರು ಈ ಓಡಾಟ ಬಿಟ್ಟು ಡಿಟಿವಿ ವೀಸಾ ನೋಡಲಿ: ಐದು ವರ್ಷ ಊರ್ಜಿತ, ಪ್ರತಿ ಪ್ರವೇಶಕ್ಕೆ 180 ದಿನ, ಖಾತೆಯಲ್ಲಿ 5 ಲಕ್ಷ ಬಾತ್ ತೋರಿಸಬೇಕು. ಅರ್ಜಿ ಆನ್‌ಲೈನಿನಲ್ಲಿ, ಥಾಯ್ಲೆಂಡಿನ ಹೊರಗಿದ್ದೇ ಹಾಕಬೇಕು. ಮಂಜೇಶ್ವರದಲ್ಲಿದ್ದರೂ ಮಂಗಳೂರಿನಲ್ಲಿದ್ದರೂ ಕಡತ ಹೋಗುವುದು ಚೆನ್ನೈಯ ಥಾಯ್ ಕಾನ್ಸುಲೇಟಿಗೇ.

ಅಲ್ಲಿಯೇ ಕೆಲಸ ಕೊಡಿಸುತ್ತೇವೆ, ವೀಸಾ ಆಮೇಲೆ ಗಡಿಯಲ್ಲಿ ಸರಿಮಾಡೋಣ ಎಂದು ಕರೆದರೆ ಹೋಗಬೇಡಿ. ವೀಸಾ ಇಲ್ಲದ ಪ್ರವೇಶದಲ್ಲಿ ಅಲ್ಲಿನ ನೌಕರಿ ಅಪರಾಧ. ಪಾಸ್‌ಪೋರ್ಟಿನಲ್ಲಿ ಇಸಿಆರ್ ಮುದ್ರೆ ಇರುವವರು ಥಾಯ್ಲೆಂಡಿಗಾಗಲಿ ಮಲೇಶ್ಯಾಕ್ಕಾಗಲಿ ಕೆಲಸಕ್ಕೆ ಹೋಗಲು, ಗಲ್ಫಿಗೆ ಬೇಕಾದಂತೆಯೇ, ಎಮಿಗ್ರೇಶನ್ ಅನುಮತಿ ಬೇಕು. ಹೀಗೆ ಕರೆಸಿಕೊಂಡವರನ್ನು ಮ್ಯಾ ಸೋಟ್ ಮೂಲಕ ಮ್ಯಾನ್ಮಾರಿನ ಮ್ಯಾವಾಡಿಗೆ ದಾಟಿಸಿ ಆನ್‌ಲೈನ್ ವಂಚನೆಯ ಕೆಲಸಕ್ಕೆ ಕೂಡಿಹಾಕಿದ್ದರು. 2025ರ ಮಾರ್ಚಿನಲ್ಲಿ ಐನೂರಕ್ಕೂ ಹೆಚ್ಚು ಭಾರತೀಯರನ್ನು ವಾಯುಪಡೆಯ ವಿಮಾನಗಳಲ್ಲಿ ಮರಳಿ ತರಬೇಕಾಯಿತು. ಗಡಿ ವ್ಯಾನು ಎಂದು ಹತ್ತಿಸಿದ ಗಾಡಿ ಎತ್ತ ಹೋಗುತ್ತಿದೆ ಎಂದು ಫೋನಿನ ನಕ್ಷೆಯಲ್ಲಿ ನೋಡುತ್ತಿರಿ. ನೋಂಗ್ ಖಾಯ್ ಈಶಾನ್ಯಕ್ಕೆ, ಪಡಾಂಗ್ ಬೆಸಾರ್ ದಕ್ಷಿಣಕ್ಕೆ, ಮ್ಯಾ ಸೋಟ್ ವಾಯವ್ಯಕ್ಕೆ. ದಿಕ್ಕು ತಪ್ಪಿದ್ದು ಕಂಡರೆ ಪೆಟ್ರೋಲ್ ಬಂಕಿನಲ್ಲಿ ಗಾಡಿ ನಿಂತಾಗ ಪಾಸ್‌ಪೋರ್ಟ್ ಸಮೇತ ಇಳಿದು, ಜನರಿರುವ ಕಡೆ ನಿಂತು 1155ಕ್ಕೆ ಕರೆ ಮಾಡಿ. ಅದು ಥಾಯ್ ಪ್ರವಾಸಿ ಪೊಲೀಸರ ಸಂಖ್ಯೆ, ಇಂಗ್ಲಿಷಿನಲ್ಲಿ ಮಾತಾಡುತ್ತಾರೆ.