ಸ್ಕ್ವೂಶ್: ಮೂರು ವರ್ಷ ಫೋಟೋ ಕುಗ್ಗಿಸಿದ ಮೇಲೆ

ಅಜ್ಜಿ ಬರೆದ ಹಳೇ ಕಾಗದವೊಂದನ್ನು ಮೊಬೈಲ್‌ನಲ್ಲಿ ಫೋಟೋ ತೆಗೆದು ಚಿಕ್ಕಮ್ಮನಿಗೆ ಕಳಿಸಿದ್ದೆ. "ಅಕ್ಷರಾನೇ ಕಾಣ್ತಿಲ್ವಲ್ಲೋ" ಅಂತ ಫೋನ್ ಬಂತು. ನನ್ನ ಗ್ಯಾಲರಿಯಲ್ಲಿ ಫೋಟೋ ಚೆನ್ನಾಗೇ ಇತ್ತು. ಮೆಸೇಜ್ ಆ್ಯಪ್ ತಾನೇ ಅದನ್ನು ಕುಗ್ಗಿಸಿ ಮಸುಕು ಮಾಡಿತ್ತು. ಅವತ್ತು ಹುಡುಕಿದಾಗ ಸಿಕ್ಕಿದ್ದು ಸ್ಕ್ವೂಶ್. ಮೂರು ವರ್ಷವಾಯಿತು, ಈಗಲೂ ಬಳಸುತ್ತಿದ್ದೇನೆ.

ಗೂಗಲ್‌ನ ಕ್ರೋಮ್ ತಂಡದವರು 2018ರಲ್ಲಿ ಬಿಟ್ಟ, ಫೋಟೋ ಫೈಲ್ ಕುಗ್ಗಿಸುವ ಉಚಿತ ಸಾಧನ ಇದು. ಬ್ರೌಸರ್‌ನಲ್ಲೇ ನಡೆಯುತ್ತದೆ, ಖಾತೆ ಗೀತೆ ಏನೂ ಬೇಡ. ಫೋಟೋ ನಮ್ಮ ಫೋನ್ ಬಿಟ್ಟು ಹೊರಗೆ ಹೋಗುವುದಿಲ್ಲ, ಕುಗ್ಗಿಸುವ ಕೆಲಸ ಇಲ್ಲೇ ಆಗುತ್ತದೆ. ಮನೆಯವರ ಫೋಟೋಗಳನ್ನು ಯಾರದೋ ಸರ್ವರ್‌ಗೆ ಏರಿಸಲು ನನಗೆ ಮನಸ್ಸಿಲ್ಲ. ಹಾಗಾಗಿ ಮೊದಲು ಹಿಡಿಸಿದ್ದು ಇದೇ.

ಶುರುವಿನಲ್ಲಿ ಎಲ್ಲರೂ ಮಾಡುವ ತಪ್ಪನ್ನೇ ನಾನೂ ಮಾಡಿದೆ. ಕ್ವಾಲಿಟಿಯನ್ನು ನೂರರಲ್ಲಿ 30ಕ್ಕೆ ಎಳೆದೆ. ಫೈಲ್ ಸಣ್ಣದಾಯಿತು, ಆಕಾಶ ಮಾತ್ರ ಚೌಕ ಚೌಕವಾಗಿ ಒಡೆದುಹೋಯಿತು. ಫೋಟೋ ಉಳಿಸುವ ಮಾಮೂಲಿ ಫೈಲ್ ಬಗೆಯಾದ ಜೆಪೆಗ್, ಚಿತ್ರವನ್ನು 8×8 ಪಿಕ್ಸೆಲ್‌ಗಳ (ಬಣ್ಣದ ಚುಕ್ಕಿಗಳ) ತುಂಡು ಮಾಡಿ ಒಂದೊಂದನ್ನೂ ಬೇರೆಯಾಗಿ ಒತ್ತಿ ಕುಗ್ಗಿಸುತ್ತದೆ. ಜಾಸ್ತಿ ಒತ್ತಿದರೆ ತುಂಡುಗಳ ಅಂಚು ಎದ್ದು ಕಾಣುತ್ತದೆ.

ನಿಜವಾಗಿ ಇಳಿಸಬೇಕಾದದ್ದು ಕ್ವಾಲಿಟಿಯನ್ನಲ್ಲ, ಅಳತೆಯನ್ನು. 12 ಮೆಗಾಪಿಕ್ಸೆಲ್ ಫೋಟೋ ಅಂದರೆ 4000×3000. ನೋಡುವವರ ಫೋನಿನ ಪರದೆ ಎಷ್ಟೋ ಸಲ 1080 ಪಿಕ್ಸೆಲ್ ಅಗಲ, ಅಷ್ಟೇ. ಉದ್ದದ ಬದಿಯನ್ನು 1600ಕ್ಕೆ ತಂದರೆ 1.2 ಕೋಟಿ ಪಿಕ್ಸೆಲ್ ಇದ್ದದ್ದು 20 ಲಕ್ಷಕ್ಕೂ ಕೆಳಗಿಳಿಯುತ್ತದೆ, ಪರದೆಯ ಮೇಲೆ ಯಾರಿಗೂ ಗೊತ್ತಾಗುವುದಿಲ್ಲ. ನನ್ನ 4 ಎಂಬಿ ಫೋಟೋಗಳು ಹೀಗೆ 300–400 ಕೆಬಿಗೆ ಬರುತ್ತವೆ. ಫೋಟೋ ಆಗಿಯೇ ಕಳಿಸುವುದಾದರೆ ಆ್ಯಪ್ ಇನ್ನೊಮ್ಮೆ ತಾನೂ ಒತ್ತುತ್ತದೆ, ಅದನ್ನು ತಪ್ಪಿಸಲಾಗದು. ಆದ್ದರಿಂದ ಅದಕ್ಕೆ ಕೊಡುವಾಗ ಕ್ವಾಲಿಟಿ 85 ಇಡುತ್ತೇನೆ. ಡಾಕ್ಯುಮೆಂಟ್ ಆಗಿ ಕಳಿಸಿದರೆ ಫೈಲ್ ಇದ್ದ ಹಾಗೇ ತಲುಪುತ್ತದೆ, ಆಗ ಸ್ಕ್ವೂಶ್ ತಾನಾಗಿಯೇ ತೋರಿಸುವ 75 ಸಾಕು.

ಈ ಸಾಧನದ ಜೀವ ಇರುವುದು ಪರದೆಯ ನಡುವಿನ ಗೆರೆಯಲ್ಲಿ. ಒಂದು ಕಡೆ ಮೂಲ ಫೋಟೋ, ಇನ್ನೊಂದು ಕಡೆ ಕುಗ್ಗಿಸಿದ್ದು. ಗೆರೆ ಎಳೆದಾಡುತ್ತಾ ನೋಡಬಹುದು. ಮುಖ ನೋಡಬೇಡಿ, ಮುಖ ಸಾಮಾನ್ಯವಾಗಿ ಚೆನ್ನಾಗೇ ಇರುತ್ತದೆ. ಕೂದಲು, ಗಿಡದ ಎಲೆ, ಆಕಾಶ, ಅಕ್ಷರದ ಅಂಚು, ಇಲ್ಲಿ ಕಣ್ಣಿಡಿ. ನಾನು ಮೊದಲು 400%ಗೆ ಹಿಗ್ಗಿಸಿ ಗಾಬರಿಯಾಗುತ್ತಿದ್ದೆ. ಅಷ್ಟು ಹಿಗ್ಗಿಸಿ ನೋಡುವವರು ಯಾರು ಹೇಳಿ? ಚಿಕ್ಕಮ್ಮನೂ ನೋಡುವುದಿಲ್ಲ.

ಅಕ್ಷರದ ವಿಷಯವೇ ಬೇರೆ. ನಮ್ಮ ಕಣ್ಣು ಬೆಳಕಿನ ವ್ಯತ್ಯಾಸ ಹಿಡಿದಷ್ಟು ಚೆನ್ನಾಗಿ ಬಣ್ಣದ ವ್ಯತ್ಯಾಸ ಹಿಡಿಯುವುದಿಲ್ಲ. ಅದನ್ನು ನಂಬಿಕೊಂಡು ಜೆಪೆಗ್‌ನಲ್ಲಿ ಬಣ್ಣವನ್ನು ಕಡಿಮೆ ಪಿಕ್ಸೆಲ್‌ಗಳಲ್ಲಿ ಇಡುವುದೇ ರೂಢಿ. ಮರ, ಬೆಟ್ಟ, ಮುಖಕ್ಕೆ ತೊಂದರೆಯಿಲ್ಲ. ಬಿಳಿ ಹಾಳೆಯ ಮೇಲಿನ ಕೆಂಪು ಅಕ್ಷರ ಮಾತ್ರ ಒದ್ದೆ ಕಾಗದದ ಮೇಲೆ ಬರೆದಂತೆ ಹರಡಿಕೊಳ್ಳುತ್ತದೆ. ಸ್ಕ್ವೂಶ್‌ನ ಹೆಚ್ಚಿನ ಸೆಟ್ಟಿಂಗ್‌ಗಳಲ್ಲಿ ಬಣ್ಣ ಇಳಿಸುವುದನ್ನು ತಡೆಯಬಹುದು. ಈ ಒಂದು ಆಯ್ಕೆ ಸಿಗುವುದಕ್ಕೆ ನನಗೆ ಒಂದು ವರ್ಷ ಬೇಕಾಯಿತು! ಸ್ಕ್ರೀನ್‌ಶಾಟ್ ಆದರೆ ಜೆಪೆಗ್ ಗೋಜಿಗೇ ಹೋಗುವುದಿಲ್ಲ, ಚಿತ್ರದಲ್ಲಿ ಏನನ್ನೂ ಕಳೆಯದ ಪಿಎನ್‌ಜಿ ಫೈಲ್ ಆಗಿಯೇ ಬಿಡುತ್ತೇನೆ.

ಸ್ಕ್ವೂಶ್‌ನಲ್ಲಿ ವೆಬ್‌ಪಿ, ಎವಿಐಎಫ್ ಎಂಬ ಹೊಸ ಫೈಲ್ ಬಗೆಗಳೂ ಇವೆ. ಫೈಲ್ ಇನ್ನೂ ಸಣ್ಣದಾಗುತ್ತದೆ ನಿಜ. ಆದರೆ ಹಳೇ ಫೋನ್ ಇಟ್ಟುಕೊಂಡವರಿಗೆ ತೆರೆಯದೇ ಹೋದರೆ ಏನು ಬಂತು? ನಾನು ಅದರಲ್ಲಿರುವ ಮೋಜ್‌ಜೆಪೆಗ್ ಆಯ್ಕೆಯಲ್ಲೇ ಉಳಿದಿದ್ದೇನೆ. ಒತ್ತುವ ವಿಧಾನವಷ್ಟೇ ಹೊಸದು, ಕೈಗೆ ಬರುವುದು ಎಲ್ಲೆಡೆ ತೆರೆಯುವ ಮಾಮೂಲಿ ಜೆಪೆಗ್.

ಇನ್ನೊಂದು ಲಾಭ ತಡವಾಗಿ ಗೊತ್ತಾಯಿತು. ಫೋನಿನ ಫೋಟೋದೊಳಗೆ ತೆಗೆದ ಜಾಗದ ವಿವರವೂ ಕೂತಿರಬಹುದು, ಡಾಕ್ಯುಮೆಂಟ್ ಆಗಿ ಕಳಿಸಿದರೆ ಅದೂ ಜೊತೆಗೇ ಹೋಗುತ್ತದೆ. ಸ್ಕ್ವೂಶ್‌ನಿಂದ ಬಂದ ಫೈಲಿನಲ್ಲಿ ಅದು ಇರುವುದಿಲ್ಲ. ತೆಗೆದ ತಾರೀಕೂ ಇರುವುದಿಲ್ಲ ಅನ್ನಿ. ಹಾಗಾಗಿ ಗ್ಯಾಲರಿಯಲ್ಲಿ ಹಳೇ ಫೋಟೋಗಳು ಇವತ್ತಿನವುಗಳ ಜೊತೆ ಬಂದು ಕೂರುತ್ತವೆ.

ನನ್ನದೇ ಒಂದು ಪೆದ್ದುತನ: ಫೋನ್ ತುಂಬಿತೆಂದು ಒಂದಿಡೀ ಪ್ರವಾಸದ ಮೂಲ ಫೋಟೋಗಳನ್ನು ಅಳಿಸಿ ಕುಗ್ಗಿಸಿದವನ್ನೇ ಇಟ್ಟುಕೊಂಡೆ. ಆಮೇಲೆ ಒಂದನ್ನು ದೊಡ್ಡದಾಗಿ ಪ್ರಿಂಟ್ ಹಾಕಿಸಿ ಫ್ರೇಮ್ ಮಾಡಿಸುವ ಆಸೆಯಾಯಿತು. ಇಂಚಿಗೆ 300 ಚುಕ್ಕಿ ಲೆಕ್ಕದಲ್ಲಿ 1600 ಪಿಕ್ಸೆಲ್ ಅಂದರೆ ಐದೂ ಕಾಲು ಇಂಚು ಚಿಲ್ಲರೆ. ಫ್ರೇಮ್ ಈಗ ಮೇಜಿನ ಮೇಲಿದೆ, ಗೋಡೆಗೆ ಏರಲಿಲ್ಲ.

2023ರಲ್ಲಿ ವಾಟ್ಸ್‌ಆ್ಯಪ್‌ಗೆ ಎಚ್‌ಡಿ ಆಯ್ಕೆ ಬಂದ ಮೇಲೆ ನನ್ನ ಸ್ಕ್ವೂಶ್ ಬಳಕೆ ಅರ್ಧಕ್ಕೆ ಇಳಿದಿದೆ. ಸುಮ್ನೆ ಕಳಿಸುವ ಫೋಟೋಗೆ ಅದೇ ಸಾಕು. ಸ್ಕ್ವೂಶ್‌ನಲ್ಲಿ ಒಂದು ಸಲಕ್ಕೆ ಒಂದೇ ಫೋಟೋ ಹಾಕಲು ಆಗುವುದು. ಹಾಗಾಗಿ ನಲವತ್ತು ಫೋಟೋ ಇದ್ದರೆ ಇತ್ತ ಬರುವುದೇ ಇಲ್ಲ, ಕಂಪ್ಯೂಟರ್‌ನಲ್ಲಿ ಎಲ್ಲವನ್ನೂ ಒಟ್ಟಿಗೆ ಕುಗ್ಗಿಸುವ ಇಮೇಜ್‌ಮ್ಯಾಜಿಕ್ ಎಂಬ ಪ್ರೋಗ್ರಾಂ ಹಚ್ಚಿ ಕಾಫಿಗೆ ಏಳುತ್ತೇನೆ. ಕಾಗದಪತ್ರ, ಕೈಬರಹ, ಹಳೇ ಆಲ್ಬಮ್ಮಿನ ಫೋಟೋ ಬಂತೆಂದರೆ ಮಾತ್ರ ಮತ್ತೆ ಆ ಗೆರೆ ಎಳೆಯುತ್ತಾ ಕೂರುವುದು.