28 ದಿನದವರೆಗೆ ನಂಬಿ, ಆಮೇಲೆ ಕ್ರೇಟ್ ತೂಕ ಹಾಕಿ

ಶೆಡ್ಡಿನ ನೆಲದ ಮೇಲೆ ಇಡೋ ತಟ್ಟೆಯಂಥ ತಕ್ಕಡಿ ಇದು. ಕೋಳಿ ತನ್ನ ಪಾಡಿಗೆ ಹತ್ತಿ ಇಳಿಯುತ್ತೆ, ಇದು ತೂಕ ಬರ್ಕೊಂಡು ರಾತ್ರಿ ಸರಾಸರಿಯನ್ನ ಮೊಬೈಲಿಗೆ ಕಳಿಸುತ್ತೆ. ನಾನು ಎರಡು ತಗೊಂಡೆ. ಮರಿ ಒತ್ತಾಗಿ ಬಿಟ್ಟರೆ ಎಫ್‌ಸಿಆರ್ (ಒಂದು ಕಿಲೊ ತೂಕಕ್ಕೆ ಕೋಳಿ ತಿನ್ನೋ ಫೀಡ್, ಕಮ್ಮಿಯಾದಷ್ಟೂ ಒಳ್ಳೇದು) ಕೆಡುತ್ತೆ ಅಂತ ನಾನು, ಏನೂ ಆಗಲ್ಲ ಅಂತ ತಮ್ಮ. ಪ್ರತಿ ಬ್ಯಾಚಲ್ಲೂ ಇದೇ ಜಗಳ. ಒಂದು ಸಲ ಅಳೆದೇ ನೋಡೋಣ ಅಂತ.

ಸಾವಿರ ಚದರಡಿ ಶೆಡ್ಡಿಗೆ ನಡುವೆ ಜಾಲರಿ ಕಟ್ಟಿ ಒಂದು ಕಡೆ 500, ಇನ್ನೊಂದು ಕಡೆ 700 ಮರಿ ಬಿಟ್ವಿ. ಒಂದೇ ದಿನದ ಮರಿ, ಒಂದೇ ಫೀಡ್. ಫೀಡರ್, ನೀರು ಕುಡಿಯೋ ನಿಪ್ಪಲ್‌ಗಳನ್ನೂ ಮರಿ ಲೆಕ್ಕಕ್ಕೆ ತಕ್ಕಂತೆ ಹಾಕಿದೆ. ಇಲ್ಲದಿದ್ದರೆ ಕಮ್ಮಿಯಾಗಿದ್ದು ಜಾಗವೋ ಫೀಡರೋ ಅನ್ನೋದೇ ತಿಳಿಯಲ್ಲ.

ಮೊದಲ ನಾಲ್ಕು ವಾರ ತಕ್ಕಡಿ ಚಿನ್ನ. ವಾರಕ್ಕೊಮ್ಮೆ ಕೈಯಲ್ಲಿ ಹಿಡಿದು ತೂಗಿ ನೋಡ್ತಿದ್ದೆ, ಹತ್ತು ಹದಿನೈದು ಗ್ರಾಂ ಆಚೀಚೆ ಅಷ್ಟೆ. ಮರಿಗಳಿಗೆ ತಟ್ಟೆ ಅಂದ್ರೆ ಆಟ, ಸರದಿ ಮೇಲೆ ಹತ್ತುತ್ತವೆ.

ತಕರಾರು ಶುರುವಾಗಿದ್ದು ಐದನೇ ವಾರ. 37ನೇ ದಿನ ಒತ್ತು ಕಡೆಯ ತಕ್ಕಡಿ ತೋರಿಸಿದ್ದು 1.96 ಕಿಲೊ. ಒಂದು ಕೋಳಿಗೆ ಖರ್ಚಾದ ಫೀಡ್ 3.41 ಕಿಲೊ. ಭಾಗಿಸಿದ್ರೆ ಎಫ್‌ಸಿಆರ್ 1.74. ಸಡಿಲ ಕಡೆ 3.54 ಕಿಲೊ ತಿಂದು 2.16, ಅಂದ್ರೆ 1.64. ನಾನು ಗೆದ್ದೆ ಅಂತ ತಮ್ಮನ ಮುಂದೆ ಕುಣಿದಿದ್ದೂ ಆಯ್ತು. ಮರುದಿನ ಬೆಳಗಿನ ಜಾವ ಮಾರೋಕೆ ಕೋಳಿ ಎತ್ತುವಾಗ ಕ್ರೇಟಿಗೆ ತುಂಬಿ ತೂಗಿದ ಲೆಕ್ಕದಲ್ಲಿ ಬಂದಿದ್ದು 2.09 ಮತ್ತು 2.21. ಎಫ್‌ಸಿಆರ್ 1.63, 1.60. ವ್ಯತ್ಯಾಸ ಹತ್ತು ಪಾಯಿಂಟ್ (0.10) ಅಲ್ಲ, ಮೂರೇ ಪಾಯಿಂಟ್!

ಕಾರಣ ನಾನು ಹಿಂದಿನ ಮಧ್ಯಾಹ್ನವೇ ಕಣ್ಣಾರೆ ಕಂಡಿದ್ದೆ, ತಲೆಗೆ ಹೋಗಿರಲಿಲ್ಲ. ಒತ್ತು ಕಡೆ ಒಂದು ದಪ್ಪ ಗಂಡು ತಟ್ಟೆಗೆ ಎದೆ ತಾಗಿಸಿಕೊಂಡು, ಬಾಯಿ ತೆರೆದು ತೇಕುತ್ತಾ ಮಲಗಿತ್ತು. ಎರಡು ಬೆರಳೆತ್ತರ ಹತ್ತೋಕೂ ಅದಕ್ಕೆ ಬೇಡ. ಅದರ ಬೆನ್ನ ಮೇಲೆ ಕಾಲಿಟ್ಟು ತಟ್ಟೆಗೆ ಹಾರಿದ್ದು ಒಂದು ಸಣಕಲು ಹೆಣ್ಣು. ಯಂತ್ರಕ್ಕೆ ಸಿಗೋದು ಅಂಥವೇ. ಭಾರದ ಕೋಳಿ ಕೊನೆ ದಿನಗಳಲ್ಲಿ ಎಲ್ಲಾ ಶೆಡ್ಡಲ್ಲೂ ಕಮ್ಮಿ ಹತ್ತುತ್ತೆ. ಒತ್ತಾದಷ್ಟೂ ಇನ್ನೂ ಕಮ್ಮಿ.

ಹಾಗಂತ ತಮ್ಮ ಹೇಳಿದ್ದೂ ಪೂರ್ತಿ ಸರಿಯಲ್ಲ. ಒತ್ತು ಕಡೆ ಕೋಳಿ ತಿಂದಿದ್ದೇ ಕಮ್ಮಿ, ಬೆಳೆದಿದ್ದೂ ಕಮ್ಮಿ. ಎರಡೂ ಒಟ್ಟಿಗೆ ಇಳಿದ್ರೆ ಭಾಗಾಕಾರದಲ್ಲಿ ಹೆಚ್ಚೇನೂ ಕಾಣಲ್ಲ. ಮೈಗೆ ಮೈ ತಾಗಿಸಿ ಕೂತಾಗ ಕೋಳಿಗಳ ನಡುವೆ ಗಾಳಿ ಆಡಲ್ಲ, ಮೈಬಿಸಿ ಹೊರಗೆ ಹೋಗಲ್ಲ, ಬಿಸಿಯಾದ ಕೋಳಿ ಫೀಡರ್ ಕಡೆ ತಿರುಗಲ್ಲ. ಜೊತೆಗೆ ಆ ಕಡೆ ನೆಲದ ಹೊಟ್ಟು ಹಸಿಯಾಗಿ ಗಟ್ಟಿ ಕಟ್ಟಿತ್ತು, ಬಗ್ಗಿದ್ರೆ ಅಮೋನಿಯಾ ಕಣ್ಣಿಗೆ ಹೊಡೀತಿತ್ತು. ಪಾದದಡಿ ಕಪ್ಪು ಗಾಯ ಇದ್ದ ಕೋಳಿಗಳೂ ಆ ಕಡೆಯೇ ಜಾಸ್ತಿ. ಇದ್ಯಾವುದೂ ತಕ್ಕಡಿಗೆ ಗೊತ್ತಾಗಲ್ಲ.

ಎತ್ತುವ ಹೊತ್ತಿಗೆ ಒತ್ತು ಕಡೆ ಚದರ ಮೀಟರಿಗೆ ಸುಮಾರು 31 ಕಿಲೊ ಕೋಳಿ ಇತ್ತು. ಯುರೋಪಿನ 2007ರ ನಿಯಮದಲ್ಲಿ ಮಾಮೂಲಿ ಮಿತಿ 33, ಗಾಳಿ-ತಾಪದ ವ್ಯವಸ್ಥೆ ಸರಿ ಇದ್ದರೆ 39, ಇನ್ನೂ ಕಟ್ಟುನಿಟ್ಟಾದ ಷರತ್ತಿಗೆ 42. ತಮ್ಮ ಈ ಅಂಕಿ ಹಿಡ್ಕೊಂಡು ಓಡಾಡ್ತಾನೆ. ನಮ್ಮದು ಪರದೆ ಶೆಡ್ಡು, ಫ್ಯಾನ್ ಎರಡೇ ಕಣಪ್ಪಾ ಅಂದ್ರೆ ಕೇಳಲ್ಲ.

ತಕ್ಕಡಿಗೆ ಬರೋಣ. ತಟ್ಟೆ ಕೆಳಗೆ ಹೊಟ್ಟು ತುಂಬಿ ಸೊನ್ನೆ ತಪ್ಪುತ್ತೆ, ದಿನಾ ಬೆಳಗ್ಗೆ ಎತ್ತಿ ಕೊಡವಬೇಕು. ವೈರನ್ನ ಕೋಳಿ ಕುಕ್ಕಿ ಹರಿದವು, ಪೈಪಿನೊಳಗೆ ಹಾಕಿದ ಮೇಲೆ ಸರಿಹೋಯ್ತು. ಕೊಟ್ಟವರು ಫೋನ್ ಎತ್ತುತ್ತಾರೆ, ಆದ್ರೆ ಕೊನೆ ವಾರದ ತಪ್ಪು ತೂಕದ ಬಗ್ಗೆ ಕೇಳಿದ್ರೆ "ಆ್ಯಪ್ ಅಪ್‌ಡೇಟ್ ಮಾಡಿ" ಅಂತಾರೆ. ಆ್ಯಪ್ ಅಪ್‌ಡೇಟ್ ಆದ್ರೆ ಕೋಳಿ ಎದ್ದು ಹತ್ತುತ್ತಾ ಸ್ವಾಮಿ?

ಐದಕ್ಕೆ ಮೂರು. ಮುಂದಿನ ಬ್ಯಾಚಿಗೆ ಎರಡೂ ಕಡೆ 600 ಅಂತ ರಾಜಿಯಾಗಿದೆ. ತಕ್ಕಡಿ 28ನೇ ದಿನಕ್ಕೆ ಹೊರಗೆ.