ನಟ್, ಎಪಿಸಿಯುಪಿಎಸ್‌ಡಿ, ಎಸ್‌ಎನ್‌ಎಂಪಿ ಕಾರ್ಡ್: ಸಣ್ಣ ಆಫೀಸಿನ ಯುಪಿಎಸ್ ಕಾಯಲು ಯಾವುದು?

ಕರೆಂಟ್ ಹೋದದ್ದನ್ನು ಯುಪಿಎಸ್‌ನಿಂದ ತಿಳಿದು ಕಂಪ್ಯೂಟರ್‌ಗಳನ್ನು ಆಫ್ ಮಾಡಿಸಲು ಮೂರು ದಾರಿ: ನಟ್ (NUT), ಎಪಿಸಿಯುಪಿಎಸ್‌ಡಿ (apcupsd) ಎಂಬ ಎರಡು ಸಾಫ್ಟ್‌ವೇರ್, ಇಲ್ಲವೇ ಯುಪಿಎಸ್ಸನ್ನು ನೇರ ನೆಟ್‌ವರ್ಕಿಗೆ ಸೇರಿಸುವ ಎಸ್‌ಎನ್‌ಎಂಪಿ ಕಾರ್ಡ್. ಮೊದಲೇ ಹೇಳಿಬಿಡುತ್ತೇನೆ, ನನ್ನ ವೋಟು ನಟ್‌ಗೆ. ನನ್ನ ಲೆಕ್ಕ ಇಷ್ಟೇ: ನಾಲ್ಕೈದು ಕಂಪ್ಯೂಟರ್, ಒಂದು ನ್ಯಾಸ್ (ಎಲ್ಲರ ಫೈಲು ಇಡುವ ನೆಟ್‌ವರ್ಕ್ ಡಿಸ್ಕ್ ಪೆಟ್ಟಿಗೆ), ಮೂಲೆಯಲ್ಲಿ ಸದಾ ಆನ್ ಇರುವ ಒಂದು ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್, ಬೇರೆಬೇರೆ ಕಂಪನಿಯ ಎರಡು ಯುಪಿಎಸ್. ಕರೆಂಟ್ ಹೋದಾಗ ಎಲ್ಲವೂ ತಾವಾಗಿಯೇ ಸರಿಯಾಗಿ ಆಫ್ ಆಗಬೇಕು, ಬಂದಾಗ ತಾವಾಗಿಯೇ ಏಳಬೇಕು. ದೊಡ್ಡ ಸರ್ವರ್ ರೂಮಿನವರಿಗೆ ಈ ಹೋಲಿಕೆಯಿಂದ ಹೆಚ್ಚೇನೂ ಸಿಗದು.

ಇನ್ನೊಂದು ಮಾತು. ನಮ್ಮ ಕಡೆ ‘ಯುಪಿಎಸ್’ ಅಂದರೆ ಮೆಟ್ಟಿಲ ಕೆಳಗೆ ದೊಡ್ಡ ಬ್ಯಾಟರಿ ಜೊತೆ ಕೂತಿರುವ ಮನೆ ಇನ್ವರ್ಟರ್ ಎಂದೇ ರೂಢಿ. ಕಂಪ್ಯೂಟರ್ ಯುಪಿಎಸ್‌ನ ಪ್ಲಗ್ಗನ್ನು ಆ ಇನ್ವರ್ಟರ್ ಲೈನಿಗೆ ಹಾಕಿದ್ದರೆ ಕೆಳಗೆ ಬರೆದಿರುವ ಯಾವುದೂ ನೆಟ್ಟಗೆ ನಡೆಯುವುದಿಲ್ಲ. ಇನ್ವರ್ಟರ್ ಸೈನ್ ವೇವ್ ಆಗಿದ್ದರೆ, ಊರಿಗೆಲ್ಲ ಕರೆಂಟ್ ಹೋದರೂ ಒಳಗಿನ ಯುಪಿಎಸ್‌ಗೆ ಸುದ್ದಿಯೇ ಇರುವುದಿಲ್ಲ. ಇನ್ವರ್ಟರ್ ಬ್ಯಾಟರಿ ಸತ್ತ ಮೇಲಷ್ಟೇ ಗೊತ್ತಾಗುತ್ತದೆ. ಹಳೆಯ ಸ್ಕ್ವೇರ್ ವೇವ್ ಆಗಿದ್ದರೆ, ಅದನ್ನು ಕೆಟ್ಟ ಕರೆಂಟ್ ಎಂದು ಭಾವಿಸಿ ಯುಪಿಎಸ್ ತನ್ನ ಬ್ಯಾಟರಿಯನ್ನು ವೃಥಾ ಖಾಲಿ ಮಾಡುತ್ತದೆ. ಹಾಗಾಗಿ ಯುಪಿಎಸ್‌ಗೆ ನೇರ ಮೇನ್ಸ್ ಲೈನ್ ಕೊಡಿ. ನೆಟ್‌ವರ್ಕ್ ಸ್ವಿಚ್ಚು ಮಾತ್ರ ಯುಪಿಎಸ್ ಮೇಲೆಯೇ ಇರಲಿ. ಸ್ವಿಚ್ ಆಫ್ ಆದರೆ ‘ಕರೆಂಟ್ ಹೋಗಿದೆ’ ಎನ್ನುವ ಸುದ್ದಿ ಯಾರಿಗೂ ಮುಟ್ಟುವುದಿಲ್ಲ.

ಎಪಿಸಿಯುಪಿಎಸ್‌ಡಿ ಹಾಕುವುದು ಹತ್ತು ನಿಮಿಷದ ಕೆಲಸ. ಯುಪಿಎಸ್‌ಗೆ ಕೇಬಲ್ ಹಾಕಿದ ಯಂತ್ರದ ಕಾನ್ಫಿಗ್ ಫೈಲಿನಲ್ಲಿ ಕೇಬಲ್ ಮತ್ತು ಟೈಪ್ ಎರಡಕ್ಕೂ ಯುಎಸ್‌ಬಿ ಎಂದು ಬರೆದು, ಡಿವೈಸ್ ಸಾಲನ್ನು ಖಾಲಿ ಬಿಡಬೇಕು. ನೆಟ್‌ಸರ್ವರ್ ಆನ್ ಮಾಡಿದರೆ 3551ನೇ ಪೋರ್ಟಿನಲ್ಲಿ ಮಾಹಿತಿ ಸಿಗುತ್ತದೆ. ಉಳಿದ ಯಂತ್ರಗಳಲ್ಲಿ ಕೇಬಲ್ ಈಥರ್, ಟೈಪ್ ನೆಟ್, ಡಿವೈಸ್ ಜಾಗದಲ್ಲಿ ಮೊದಲ ಯಂತ್ರದ ಐಪಿ ಮತ್ತು ಪೋರ್ಟ್. ಅಲ್ಲಿನ ಪೋಲ್‌ಟೈಮ್, ಅಂದರೆ ಎಷ್ಟು ಹೊತ್ತಿಗೊಮ್ಮೆ ಸುದ್ದಿ ಕೇಳಬೇಕು ಎನ್ನುವುದು, 60 ಸೆಕೆಂಡ್ ಇರುತ್ತದೆ, ಅದನ್ನು 10ಕ್ಕೆ ಇಳಿಸಿ. ಇಲ್ಲದಿದ್ದರೆ ಸುದ್ದಿ ಒಂದು ನಿಮಿಷ ಹಳಸಿದ ಮೇಲೆ ಬರುತ್ತದೆ.

ಇದರಲ್ಲಿ ನನಗೆ ಹಿಡಿಸಿದ್ದು ಒಂದಿದೆ. ಯಾವಾಗ ಆಫ್ ಆಗಬೇಕು ಎನ್ನುವುದನ್ನು ಪ್ರತಿ ಯಂತ್ರವೂ ತನ್ನದೇ ಮಿತಿಯಿಂದ ತೀರ್ಮಾನಿಸುತ್ತದೆ. ಡೆಸ್ಕ್‌ಟಾಪ್ 70 ಶೇಕಡಕ್ಕೆ, ನ್ಯಾಸ್ 50ಕ್ಕೆ, ಪೈ ಕೊನೆಗೆ ಎಂದು ಸಾಲಾಗಿ ಇಳಿಸಬಹುದು. ಆದರೆ ಇದು ಎಪಿಸಿ ಎಂಬ ಕಂಪನಿಯ ಯುಪಿಎಸ್‌ಗಳಿಗೆಂದೇ ಬರೆದದ್ದು, ಬೇರೆ ಕಂಪನಿಯವುಗಳ ಜೊತೆ ಒಗ್ಗುವುದು ಅಪರೂಪ. ಕೊನೆಯ ಆವೃತ್ತಿ 3.14.14 ಬಂದದ್ದು 2016ರಲ್ಲಿ. ಆ 3551ಕ್ಕೆ ಪಾಸ್‌ವರ್ಡ್ ಕೂಡ ಇಲ್ಲ. ಎಪಿಸಿ ಕೊಳ್ಳುವವರು ಹಿಂಭಾಗದಲ್ಲಿ ಡೇಟಾ ಪೋರ್ಟ್ ಇದೆಯೇ ನೋಡಿಕೊಳ್ಳಿ, ಅತಿ ಚಿಕ್ಕ ಮಾದರಿಗಳಲ್ಲಿ ಇರುವುದಿಲ್ಲ. ಇದ್ದರೆ ಅದರ ಜೊತೆ ಬರುವ ಹತ್ತು ಪಿನ್ನಿನ ಕೇಬಲ್ ಕಳೆಯದಂತೆ ಇಟ್ಟುಕೊಳ್ಳಿ. ನೋಡಲು ಲ್ಯಾನ್ ಸಾಕೆಟ್ ಥರ ಕಂಡರೂ ಅದಕ್ಕೆ ಲ್ಯಾನ್ ಕೇಬಲ್ ನಡೆಯದು.

ನಟ್‌ನಲ್ಲಿ ಯುಪಿಎಸ್‌ನ ಕೇಬಲ್ ಹಾಕುವುದು ಪೈಗೆ. ಅದರಲ್ಲಿ ಮೂರು ಭಾಗ. ಯುಪಿಎಸ್ ಜೊತೆ ಮಾತಾಡುವ ಡ್ರೈವರ್, ಆ ಮಾಹಿತಿಯನ್ನು 3493ನೇ ಪೋರ್ಟಿನಲ್ಲಿ ಹಂಚುವ ಯುಪಿಎಸ್‌ಡಿ, ಪ್ರತಿ ಯಂತ್ರದಲ್ಲೂ ಕೂತು ಕಿವಿಗೊಡುವ ಯುಪಿಎಸ್‌ಮಾನ್. ಐದು ಫೈಲು ತಿದ್ದಬೇಕು, ಮೊದಲ ಸಲ ತಲೆ ಕೆಡುವುದು ಖಂಡಿತ. ಹೆಚ್ಚಿನವರು ಎಡವುವುದು ಎರಡು ಕಡೆ. ಒಂದು, ಪ್ಯಾಕೇಜ್ ಹಾಕಿದ ಮೇಲೆ ಯುಎಸ್‌ಬಿ ಕೇಬಲ್ ಒಮ್ಮೆ ಕಿತ್ತು ಮತ್ತೆ ಹಾಕದಿರುವುದು. ಹೊಸ ಪರ್ಮಿಷನ್ ನಿಯಮ ಆಗಷ್ಟೇ ಜಾರಿಗೆ ಬರುತ್ತದೆ. ಎರಡು, ಯುಪಿಎಸ್‌ಡಿ ಮೊದಲಿಗೆ 127.0.0.1ರಲ್ಲಿ (ಅಂದರೆ ತನ್ನ ಯಂತ್ರದೊಳಗೆ) ಮಾತ್ರ ಕೇಳುತ್ತದೆ, ಲಿಸನ್ ಸಾಲಿನಲ್ಲಿ ಪೈನ ಐಪಿ ಸೇರಿಸಲೇಬೇಕು. ಸೈನಾಲಜಿ ಕಂಪನಿಯ ನ್ಯಾಸ್ ಒಳಗೆ ನಟ್ ಕ್ಲೈಂಟ್ ಮೊದಲೇ ಇದೆ. ಆದರೆ ಅದಕ್ಕೊಂದು ಹಟ: ಯುಪಿಎಸ್‌ನ ಹೆಸರು ‘ಯುಪಿಎಸ್’, ಬಳಕೆದಾರ ‘ಮಾನ್‌ಯೂಸರ್’, ಪಾಸ್‌ವರ್ಡ್ ‘ಸೀಕ್ರೆಟ್’, ಎಲ್ಲವೂ ಇಂಗ್ಲಿಷಿನ ಸಣ್ಣ ಅಕ್ಷರದಲ್ಲಿ. ಪೈ ಕಡೆ ಹಾಗೆಯೇ ಇಟ್ಟರೆ ತಕ್ಷಣ ಹೊಂದಿಕೊಳ್ಳುತ್ತದೆ.

ಇಲ್ಲಿಗೆ ಸುಲಭದ್ದು ಮುಗಿಯಿತು. ತಲೆನೋವು ಬರುವುದು ಅಗ್ಗದ ಯುಪಿಎಸ್‌ನಿಂದ. ಡಬ್ಬಿಯ ಮೇಲೆ ‘ಯುಎಸ್‌ಬಿ ಪೋರ್ಟ್ ಇದೆ’ ಎಂದಿತ್ತು, ನಂಬಿ ಕೊಂಡದ್ದಾಯಿತು. ಒಳಗಿರುವುದು ತನ್ನ ಯುಎಸ್‌ಬಿ ಗುರುತಿನ ಸಂಖ್ಯೆ 0665:5161 ಎಂದು ತೋರಿಸುವ ಸೈಪ್ರೆಸ್ ಯುಎಸ್‌ಬಿ ಚಿಪ್, ಆಡುವ ಭಾಷೆ ಮೆಗಾಟೆಕ್ ಎಂಬ ಹಳೇ ಪ್ರೋಟೋಕಾಲ್. ಕೇಳಿದಾಗಲೆಲ್ಲ ಅದು ಕೊಡುವ ಉತ್ತರ ಹೀಗೆ:

(230.0 230.0 230.0 028 50.0 13.6 25.0 00001001

ಒಳಬರುವ ವೋಲ್ಟೇಜ್, ಹಿಂದಿನ ದೋಷದ ವೋಲ್ಟೇಜ್, ಹೊರಹೋಗುವ ವೋಲ್ಟೇಜ್, ಶೇಕಡಾವಾರು ಲೋಡ್, ಫ್ರೀಕ್ವೆನ್ಸಿ, ಬ್ಯಾಟರಿ ವೋಲ್ಟೇಜ್, ಉಷ್ಣತೆ. ಸೆನ್ಸರ್ ಇಲ್ಲದವುಗಳಲ್ಲಿ ಆ 25.0 ಬೇಸಿಗೆಯಲ್ಲೂ ಕದಲುವುದಿಲ್ಲ. ಕೊನೆಯ ಎಂಟು ಅಂಕಿಗಳಲ್ಲಿ ಮೊದಲನೆಯದು 1 ಆದರೆ ಕರೆಂಟ್ ಹೋಗಿದೆ, ಎರಡನೆಯದು 1 ಆದರೆ ಬ್ಯಾಟರಿ ಕಡಿಮೆ. ಬ್ಯಾಟರಿ ಎಷ್ಟು ಶೇಕಡ ಉಳಿದಿದೆ, ಎಷ್ಟು ನಿಮಿಷ ಬರುತ್ತದೆ ಎನ್ನುವುದು ಇದರಲ್ಲಿ ಎಲ್ಲೂ ಇಲ್ಲ!

ಇಂಥ ಯುಪಿಎಸ್‌ಗಳಿಗೆಂದು ನಟ್‌ನಲ್ಲಿರುವ ಕ್ಯೂಎಕ್ಸ್ (nutdrv_qx) ಡ್ರೈವರ್ ಅದನ್ನು ವೋಲ್ಟೇಜ್ ನೋಡಿ ಊಹಿಸುತ್ತದೆ. 12 ವೋಲ್ಟ್ ಬ್ಯಾಟರಿಗೆ 13.0 ಅಂದರೆ ತುಂಬಿದೆ, 10.4 ಅಂದರೆ ಖಾಲಿ. ಕರೆಂಟ್ ಹೋದ ಕ್ಷಣಕ್ಕೆ ಲೋಡ್ ಬಿದ್ದು 13.6 ಇದ್ದದ್ದು 12.3ಕ್ಕೆ ಕುಸಿದರೆ, ಎರಡೇ ಸೆಕೆಂಡಿನಲ್ಲಿ ಚಾರ್ಜ್ 100ರಿಂದ 73ಕ್ಕೆ ಇಳಿದಂತೆ ಕಾಣುತ್ತದೆ. ಕರೆಂಟ್ ಬಂದ ಕೂಡಲೇ ಮತ್ತೆ 100. ಇನ್ನು ಆ ‘ಬ್ಯಾಟರಿ ಕಡಿಮೆ’ ಅಂಕಿ 1 ಆಗುವ ಹೊತ್ತಿಗೆ ಕೆಲವೇ ಸೆಕೆಂಡು ಉಳಿದಿರುತ್ತದೆ, ನ್ಯಾಸ್ ಮುಚ್ಚಿಕೊಳ್ಳಲು ಅದು ಏನೇನೂ ಸಾಲದು.

ಥಟ್ಟನೆ ಹೊಳೆಯುವ ಉಪಾಯ ಟೈಮರ್. ಕರೆಂಟ್ ಹೋಗಿ ಐದು ನಿಮಿಷಕ್ಕೆ ಎಲ್ಲ ಆಫ್. ಎಪಿಸಿಯುಪಿಎಸ್‌ಡಿಯಲ್ಲಿ ಟೈಮ್‌ಔಟ್ 300 ಎಂದು ಒಂದು ಸಾಲು ಬರೆದರೆ ಮುಗಿಯಿತು, ನಟ್‌ನಲ್ಲಿ ಯುಪಿಎಸ್‌ಶೆಡ್ ಎಂಬ ಇನ್ನೊಂದು ತುಣುಕು ಬೇಕು. ಆದರೆ ಮುಂಗಾರಿಗೆ ಮುಂಚಿನ ಗಾಳಿ ಮಳೆಯಲ್ಲಿ ಕರೆಂಟ್ ಹೇಗೆ ಹೋಗುತ್ತದೆ ನೆನಪಿಸಿಕೊಳ್ಳಿ. ನಾಲ್ಕು ನಿಮಿಷ ಹೋಯಿತು, ಒಂದು ನಿಮಿಷ ಬಂತು, ಮತ್ತೆ ನಾಲ್ಕು ನಿಮಿಷ ಹೋಯಿತು. ಬಂದಾಗಲೆಲ್ಲ ಟೈಮರ್ ಸೊನ್ನೆಗೆ ಮರಳುತ್ತದೆ, ಬ್ಯಾಟರಿ ಮಾತ್ರ ತುಂಬುವುದಿಲ್ಲ, ಅದಕ್ಕೆ ಗಂಟೆಗಟ್ಟಲೆ ಬೇಕು. ನಾಲ್ಕನೇ ಸುತ್ತಿನಲ್ಲಿ ಟೈಮರ್ ಇನ್ನೂ ಮೂರು ನಿಮಿಷ ಎನ್ನುತ್ತಿರುವಾಗಲೇ ಎಲ್ಲವೂ ದಪ್ಪೆಂದು ಆಫ್.

ಸರಿಯಾದ ದಾರಿ ನಟ್‌ನ ರನ್‌ಟೈಮ್‌ಕ್ಯಾಲ್ ಎಂಬ ಸಾಲು: ಎರಡು ಬೇರೆ ಲೋಡಿಗೆ ಬ್ಯಾಟರಿ ಎಷ್ಟು ಹೊತ್ತು ಬರುತ್ತದೆ ಎಂದು ಅಳೆದು ಡ್ರೈವರ್‌ಗೆ ಹೇಳಿಕೊಡುವುದು. ಕಂಪ್ಯೂಟರ್‌ಗಳನ್ನು ಬಿಚ್ಚಿ, ಯುಪಿಎಸ್‌ಗೆ ಹಳೇ 100 ವ್ಯಾಟಿನ ಫಿಲಮೆಂಟ್ ಬಲ್ಬು ಹಾಕಿ (ಎಲ್‌ಇಡಿ ಪ್ರಯೋಜನವಿಲ್ಲ, ಲೋಡೇ ಬೀಳುವುದಿಲ್ಲ), ಮೇನ್ಸ್ ಕಿತ್ತು ಗಡಿಯಾರ ಹಿಡಿಯಿರಿ. 600 ವಿಎ ಡಬ್ಬಿಯಲ್ಲಿ ಎರಡು ಬಲ್ಬಿಗೆ ಲೋಡ್ 55 ಶೇಕಡ, ಬಾಳಿಕೆ 380 ಸೆಕೆಂಡ್. ಬ್ಯಾಟರಿ ಪೂರ್ತಿ ಚಾರ್ಜ್ ಮಾಡಿ ಮರುದಿನ ಒಂದೇ ಬಲ್ಬು: 28 ಶೇಕಡ, 1020 ಸೆಕೆಂಡ್. ಯುಪಿಎಸ್.ಕಾನ್ಫ್‌ನಲ್ಲಿ ರನ್‌ಟೈಮ್‌ಕ್ಯಾಲ್‌ಗೆ 380,55,1020,28 ಎಂದು ಬರೆಯಿರಿ. ಈಗ ಡ್ರೈವರ್ ವೋಲ್ಟೇಜಿನ ನೆಗೆತ ಬಿಟ್ಟು ಲೋಡ್ ಮತ್ತು ಸಮಯದ ಲೆಕ್ಕ ಇಡುತ್ತದೆ. ಒಂದು ನಿಮಿಷ ಕರೆಂಟ್ ಬಂದರೆ ಒಂದು ನಿಮಿಷದ ಚಾರ್ಜ್ ಮಾತ್ರ ಜಮಾ. ಇಷ್ಟೇ ಸಾಲದು. ಇಗ್ನೋರ್‌ಎಲ್‌ಬಿ ಎಂಬ ಸಾಲು ಸೇರಿಸಿ ಯುಪಿಎಸ್‌ನ ಆ ತಡವಾದ ‘ಬ್ಯಾಟರಿ ಕಡಿಮೆ’ ಸೂಚನೆಯನ್ನು ಕಡೆಗಣಿಸಿ, ಬ್ಯಾಟರಿ ಚಾರ್ಜ್‌ನ ಕೆಳಮಿತಿಯನ್ನು ಓವರ್‌ರೈಡ್ ಮೂಲಕ 40 ಮಾಡಿ. ಎರಡರಲ್ಲಿ ಒಂದನ್ನೇ ಹಾಕಿದರೆ ಆಫ್ ಆಗುವ ಆಜ್ಞೆ ಹೊರಡುವುದಿಲ್ಲ, ಅಥವಾ ಮತ್ತೆ ಆ ಹಳೇ ಅಂಕಿಯನ್ನೇ ಕಾಯುತ್ತದೆ. ಬ್ಯಾಟರಿ ಬದಲಿಸಿದಾಗ ಬಲ್ಬಿನ ಪರೀಕ್ಷೆ ಮತ್ತೊಮ್ಮೆ.

ಎಪಿಸಿಯ ಡಬ್ಬಿ ಚಾರ್ಜ್ ಮತ್ತು ಉಳಿದ ಸಮಯವನ್ನು ತಾನೇ ಹೇಳುತ್ತದೆ, ಅದಕ್ಕೆ ಈ ಬಲ್ಬಿನ ಪೂಜೆ ಬೇಕಿಲ್ಲ.

ಆಫ್ ಆಗುವ ಕ್ರಮದಲ್ಲೂ ಒಂದು ತೊಡಕಿದೆ. ಆಜ್ಞೆ ಬಂದಾಗ ನ್ಯಾಸ್ ‘ಹೊರಟೆ’ ಎಂದು ಸಂಪರ್ಕ ಕಡಿದುಕೊಳ್ಳುವುದು ಮುಚ್ಚಲು ಶುರು ಮಾಡುವಾಗ, ಮುಚ್ಚಿ ಮುಗಿದ ಮೇಲಲ್ಲ. ಎಲ್ಲರೂ ಹೋದರು ಎಂದುಕೊಂಡು ಪೈ ತಾನೂ ಆಫ್ ಆಗುತ್ತದೆ, ಕೊನೆಗೆ ಯುಪಿಎಸ್‌ಗೆ ಔಟ್‌ಪುಟ್ ಕಡಿಯಲು ಹೇಳುತ್ತದೆ. ಕ್ಯೂಎಕ್ಸ್ ಡ್ರೈವರ್‌ನಲ್ಲಿ ಆ ಕಡಿತಕ್ಕೆ 30 ಸೆಕೆಂಡ್. ನಿಮ್ಮ ನ್ಯಾಸ್‌ಗೆ ಎರಡು ನಿಮಿಷ ಬೇಕಿದ್ದರೆ? ಪೈನ ಯುಪಿಎಸ್‌ಮಾನ್.ಕಾನ್ಫ್‌ನಲ್ಲಿ ಫೈನಲ್‌ಡಿಲೇ (ಪೈ ತಾನು ಆಫ್ ಆಗುವ ಮುಂಚೆ ಕಾಯುವ ಸೆಕೆಂಡು) 5 ಇದ್ದದ್ದನ್ನು 150 ಮಾಡಿ. ಕಡಿತವನ್ನೇ ಬಿಟ್ಟುಬಿಡೋಣ ಎನ್ನಬೇಡಿ. ಯಂತ್ರಗಳು ಆಫ್ ಆಗುವಷ್ಟರಲ್ಲಿ ಕರೆಂಟ್ ಬಂದುಬಿಟ್ಟರೆ ಅವಕ್ಕೆ ವಿದ್ಯುತ್ ತಪ್ಪಿದ್ದೇ ಇಲ್ಲ, ಹಾಗಾಗಿ ಏಳುವುದೂ ಇಲ್ಲ. ಬಯಾಸ್‌ನಲ್ಲಿ ಕರೆಂಟ್ ಬಂದಾಗ ಆನ್ ಆಗು ಎಂಬ ಆಯ್ಕೆಯನ್ನೂ ಹಾಕಿ.

ಎಸ್‌ಎನ್‌ಎಂಪಿ ಕಾರ್ಡ್ ಬಗ್ಗೆ ದೂರಿಲ್ಲ. ಸ್ಲಾಟ್ ಇರುವ ಯುಪಿಎಸ್‌ಗೆ ತೂರಿಸಿ ಲ್ಯಾನ್ ಹಾಕಿದರೆ ನಡುವೆ ಪೈ ಬೇಡ. ನೆಟ್‌ವರ್ಕ್ ಮಾನಿಟರಿಂಗ್ ಸಾಫ್ಟ್‌ವೇರ್ ಇದ್ದವರು ಆರ್‌ಎಫ್‌ಸಿ 1628ರ (ಯುಪಿಎಸ್ ಮಾಹಿತಿಯ ಮಾನಕ ಪಟ್ಟಿ) ಔಟ್‌ಪುಟ್ ಸೋರ್ಸ್ ನೋಡಿದರೆ ಸಾಕು: 3 ಅಂದರೆ ಮೇನ್ಸ್, 5 ಅಂದರೆ ಬ್ಯಾಟರಿ. ಪಾಸ್‌ವರ್ಡಿನಂತೆ ಕೆಲಸ ಮಾಡುವ ‘ಪಬ್ಲಿಕ್’ ಎಂಬ ಕಮ್ಯುನಿಟಿ ಹೆಸರು ಮೊದಲು ಬದಲಿಸಿ. ಬೆಲೆ ಮಾತ್ರ ನನ್ನ ಸಣ್ಣ ಡಬ್ಬಿಯ ಹಲವು ಪಟ್ಟು. ಅಲ್ಲದೆ ನಟ್ ಈ ಕಾರ್ಡನ್ನೂ ಓದುತ್ತದೆ, ಮುಂದೆ ಕೊಂಡರೆ ಡ್ರೈವರ್ ಸಾಲು ಬದಲಿಸಿದರಾಯಿತು.

ಯುಪಿಎಸ್ ಜೊತೆ ಬರುವ ಸಿಡಿ ಸಾಫ್ಟ್‌ವೇರ್: ಒಂದೇ ವಿಂಡೋಸ್ ಯಂತ್ರಕ್ಕೆ ಸರಿ.

ಎರಡೂ ಎಪಿಸಿಯೇ ಆಗಿದ್ದರೆ, ಫೈಲು ತಿದ್ದಲು ಬೇಸರವಿದ್ದರೆ ಎಪಿಸಿಯುಪಿಎಸ್‌ಡಿ ಸಾಕು. ಅಂಗಡಿಯಲ್ಲಿ ಸಿಕ್ಕಿದ್ದನ್ನು ಕೊಳ್ಳುವ ನನ್ನಂಥವರಿಗೆ ನಟ್. ಮುಂದಿನ ಸಲ ಅಂಗಡಿಗೆ ಲ್ಯಾಪ್‌ಟಾಪ್ ಒಯ್ದು, ಯುಪಿಎಸ್‌ಗೆ ಚುಚ್ಚಿ ಯುಎಸ್‌ಬಿ ಪಟ್ಟಿ ನೋಡುವುದು: ಎಪಿಸಿಯ 051ಡಿ:0002 ಬಂದರೆ ದುಡ್ಡು ಕೊಟ್ಟು ತರುವುದು, 0665:5161 ಬಂದರೆ ಎರಡು ಫಿಲಮೆಂಟ್ ಬಲ್ಬನ್ನೂ ಅಲ್ಲೇ ಕೇಳುವುದು.